ತೇಲಿದ ನಾಲ್ಕು ಮೊಟ್ಟೆಗಳು

ಮಂಗಳವಾರ ಬೆಳಿಗ್ಗೆ ವಾರಿಜಕ್ಕನ ಬಾಗಿಲಿಗೆ ಬರುವವರ ಕೈಯಲ್ಲೆಲ್ಲ ಮೊಟ್ಟೆ. ಆಂಟಾಪ್ ಹಿಲ್‌ನ ಸಾಲು ಕೋಣೆಗಳ ಆ ಚಾಳಿನಲ್ಲಿ ಮೊಟ್ಟೆಯ ಗುಣ ತಿಳಿಯುವ ವಿದ್ಯೆ ಉಡುಪಿ ಕಡೆಯ ಈ ಹೆಂಗಸಿಗೆ ಮಾತ್ರ ಗೊತ್ತೆಂದು ಯಾರೋ ಹಬ್ಬಿಸಿಬಿಟ್ಟಿದ್ದರು. ವಿದ್ಯೆ ಎಂಥದು, ಮಣ್ಣು. ಪಾತ್ರೆಯ ನೀರಿಗೆ ಮೊಟ್ಟೆ ಬಿಡಬೇಕು. ತಳದಲ್ಲಿ ಅಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಇವತ್ತೇ ಮುಗಿಸಬೇಕು, ತೇಲಿದರೆ ಬಿಸಾಡಬೇಕು. ನಾಲ್ಕು ವರ್ಷ ಇದನ್ನು ಹೇಳಿಕೊಟ್ಟು ಹೇಳಿಕೊಟ್ಟು ಅವಳಿಗೆ ಸಾಕಾಗಿತ್ತು. ಆದರೂ ಅವರು ಬಂದೇ ಬರುತ್ತಿದ್ದರು, ಅದೂ ನಲ್ಲಿಯಲ್ಲಿ ನೀರು ಬರುವ ಒಂದೇ ಒಂದು ಗಂಟೆಯಲ್ಲಿ.

ಎಪ್ಪತ್ತೊಂದರ ಬೇಸಿಗೆಯ ಒಂದು ಮಂಗಳವಾರ ನೀರು ಅರ್ಧಕ್ಕೇ ನಿಂತಿತು. ವಾರಿಜಕ್ಕನಿಗೆ ಸಿಕ್ಕಿದ್ದು ಕುಡಿಯಲು ಒಂದು ಕೊಡ. ಅದೇ ಹೊತ್ತಿಗೆ ಪಕ್ಕದ ಮನೆಯ ಸೋಮವ್ವ ಸೆರಗಿನಲ್ಲಿ ನಾಲ್ಕು ಮೊಟ್ಟೆ ಹಿಡಿದು ಬಂದಳು. ವಿಜಾಪುರದವಳು, ಹಿಂದೆಂದೂ ಮೊಟ್ಟೆ ಮುಟ್ಟಿದವಳಲ್ಲ. ಮಗಳು ಸೊರಗಿದ್ದಾಳೆ, ಕೊಡಿ ಎಂದು ಡಾಕ್ಟರು ಹೇಳಿದ ಮೇಲೆ ಹೆದರುತ್ತಲೇ ಶುರುಮಾಡಿದ್ದಳು.

"ಅಕ್ಕಾರ, ಈ ತತ್ತಿ ಸ್ವಲ್ಪ ನೋಡ್ರಿ. ಕೂಸಿಗೆ ಕೊಡೂದೈತಿ."

"ನೀರಿಲ್ಲದ ದಿನವೇ ನಿಂಗೆ ಮೊಟ್ಟೆ ನೆನಪಾಗುದಾ ಮಾರಾಯ್ತಿ?" ಎಂದು ಗೊಣಗುತ್ತ ವಾರಿಜಕ್ಕ ಒಳಗೆ ಪಾತ್ರೆ ತೊಳೆಯುವ ಮೋರಿಯ ಮೂಲೆಯಲ್ಲಿದ್ದ ನೀರಿನ ಪಾತ್ರೆಯನ್ನು ಎಳೆದು, ಮೊಟ್ಟೆಗಳನ್ನು ಒಂದೊಂದಾಗಿ ಬಿಟ್ಟಳು. ನಾಲ್ಕೂ ತೇಲಿದವು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಕೆಳಗೆ ಅಂಗಳದಲ್ಲಿ, ಪ್ರತಿ ಮಂಗಳವಾರ ಮಾರಲು ಬರುವ ರುಕ್ಮಿಣಿಬಾಯಿ ಇನ್ನೂ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ವಾರಿಜಕ್ಕ ಕೋಣೆಗಳ ಮುಂದಿನ ಗ್ಯಾಲರಿಗೆ ಬಂದು ಇಡೀ ಚಾಳಿಗೆ ಕೇಳುವಂತೆ ಕೂಗಿದಳು. "ಮಕ್ಕಳಿಗೆ ಕೊಳೆತ ಮೊಟ್ಟೆ ಮಾರುದಾ ನೀನು? ಯಾರೂ ತಕ್ಕೊಳ್ಬೇಡಿ, ಎಲ್ಲ ಹಾಳು."

ಕೊಂಡವರೆಲ್ಲ ಮೊಟ್ಟೆ ಹಿಂದಿರುಗಿಸಿದರು. ಸೊಲ್ಲಾಪುರದ ಆ ಒಂಟಿ ಹೆಂಗಸಿನ ಹೊಟ್ಟೆ ಹೊರೆಯುತ್ತಿದ್ದದ್ದೇ ಈ ಚಾಳು. "ನಿನ್ನಿ ಇಟ್ಟಾವ್ರಿ ಬಾಯಿ, ನನ್ನ ಮನಿ ಕೋಳೀವು," ಎಂದು ಎರಡು ಸಲ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಪಾತ್ರೆ ತಿಕ್ಕಲು ಅದೇ ನೀರಿಗೆ ಕೈ ಹಾಕಿದಾಗ, ತೆಂಗಿನಕಾಯಿ ತುರಿಯುವಾಗ ಗೀರಿಕೊಂಡಿದ್ದ ಬೆರಳು ಚುರ್ರೆಂದಿತು. ವಾರಿಜಕ್ಕ ಬೆರಳನ್ನು ನಾಲಗೆಗೆ ತಾಗಿಸಿದಳು, ಬರೀ ಉಪ್ಪು. ಅಮ್ಮ ಊರಿಂದ ಕಳಿಸಿದ್ದ ಉಪ್ಪುಸೊಳೆಯ ಭರಣಿ ಹಿಂದಿನ ದಿನವಷ್ಟೇ ಮುಗಿದಿತ್ತು. ಹಲಸಿನ ಸೊಳೆ ತೆಗೆದ ಮೇಲೆ ಉಳಿದ ಉಪ್ಪುನೀರನ್ನು ಚೆಲ್ಲಲು ಮನಸ್ಸಾಗದೆ, ಪಾತ್ರೆ ತಿಕ್ಕಲಾದರೂ ಆದೀತೆಂದು ಮೋರಿಯಲ್ಲಿಟ್ಟವಳು ಅವಳೇ. ಮನೆಯಲ್ಲಿದ್ದ ಒಂದು ಮೊಟ್ಟೆಯನ್ನು ಅದಕ್ಕೆ ಬಿಟ್ಟಳು, ತೇಲಿತು. ಅದನ್ನೇ ಕುಡಿಯುವ ನೀರಿಗೆ ಬಿಟ್ಟಳು, ಮುಳುಗಿ ಅಡ್ಡ ಮಲಗಿತು. ಅಷ್ಟು ಉಪ್ಪಿದ್ದರೆ ಎಂಥ ತಾಜಾ ಮೊಟ್ಟೆಯೂ ತೇಲುತ್ತದೆ. ನಲ್ಲಿಗೆ ಬೈದಳು, ಸೋಮವ್ವನಿಗೆ ಬೈದಳು, ಕೊನೆಗೆ ಬೈಯಲು ತಾನೊಬ್ಬಳೇ ಉಳಿದಳು.

ಸಂಜೆ ಫೋರ್ಟಿನ ಹೋಟೆಲಿನ ಕೆಲಸ ಮುಗಿಸಿ ಬಂದ ಗಂಡ ಕಾಂತಪ್ಪ, "ಸುಮ್ನಿರು. ಯಾರಿಗೆ ಗೊತ್ತಾಗ್ತದೆ?" ಎಂದ.

"ನಂಗೆ ಗೊತ್ತುಂಟಲ್ಲ," ಎಂದು ರೇಗಿ ವಾರಿಜಕ್ಕ ಗ್ಯಾಲರಿಗೆ ಹೋದಳು. ಬೆಳಿಗ್ಗೆ ಕೂಗಿದ ಜಾಗದಲ್ಲೇ ನಿಂತು, ಅಷ್ಟೇ ಗಟ್ಟಿಯಾಗಿ ಉಪ್ಪುನೀರಿನ ಕಥೆ ಹೇಳಿದಳು. ಜನ ನಕ್ಕರು. ನಾಚಿಕೆಯಿಂದ ಅವಳಿಗೆ ಭೂಮಿಗಿಳಿದುಹೋದಂತಾಯಿತು.

ಮುಂದಿನ ಮಂಗಳವಾರ ನೀರು ಧಾರಾಳವಾಗಿ ಬಂತು. ಮೊಟ್ಟೆ ಹಿಡಿದು ಒಬ್ಬರೂ ಬರಲಿಲ್ಲ. ನಾಲ್ಕು ವರ್ಷ ಬೇಡಿಕೊಂಡ ನೆಮ್ಮದಿ ಸಿಕ್ಕಿತ್ತು, ಆದರೆ ವಾರಿಜಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಮೆಟ್ಟಿಲೇರಿ ಬಂದವಳು ರುಕ್ಮಿಣಿಬಾಯಿ. ಬುಟ್ಟಿ ತುಂಬಿಯೇ ಇತ್ತು.

"ಯಾರೂ ತಗೋವಲ್ರು ಬಾಯಿ. ನೀವು ಹೇಳಿದ್ದು ಕೇಳ್ಯಾರ, ಆದ್ರೂ ಮನಸ್ಸಿನಾಗ ಸಂಶಯ ಹೋಗಿಲ್ಲ. ಅಂಗಳಕ್ಕ ಬರ್ರಿ, ಎಲ್ಲಾರ ಮುಂದ ನೋಡ್ರಿ."

"ನೀರಿನ ಹೊತ್ತಿಗೇ ಬರ್ಬೇಕಾ ನೀನೂ," ಎಂದು ಗೊಣಗುತ್ತಲೇ ವಾರಿಜಕ್ಕ ಆಗಷ್ಟೇ ತುಂಬಿಸಿದ ಕೊಡವನ್ನು ಸೊಂಟಕ್ಕೇರಿಸಿ ಕೆಳಗಿಳಿದಳು. ಸೋಮವ್ವ, ಅವಳ ಮಗಳು, ಉಳಿದವರೆಲ್ಲ ಸುತ್ತ ಸೇರಿದರು. ವಾರಿಜಕ್ಕ ಪಾತ್ರೆಗೆ ನೀರು ಸುರಿದು ಮೊಟ್ಟೆಗೆ ಕೈ ಹಾಕಿದಾಗ ರುಕ್ಮಿಣಿಬಾಯಿ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದಲ ನೀರು ಕುಡದು ನೋಡ್ರಿ," ಎಂದಳು.

ವಾರಿಜಕ್ಕ ಬೊಗಸೆಯಲ್ಲಿ ನೀರೆತ್ತಿ, ಎಲ್ಲರೂ ನೋಡುತ್ತಿದ್ದಂತೆ ಕುಡಿದಳು. ಆಮೇಲೆ ಮೊದಲನೆಯ ಮೊಟ್ಟೆಗೆ ಕೈ ಚಾಚಿದಳು.