ಏಳನೆಯ ಹಾಜರಿ

ಮೇಡಂ ಅವರ ಬಲಗಿವಿಯ ಮೇಲಂಚು ಸದಾ ಕೆಂಪಗೆ, ತುಸು ಒರಟಾಗಿ ಇರುತ್ತಿತ್ತು. ಅಟ್ಟದ ಮೇಲಿಟ್ಟ ತೆಂಗಿನಕಾಯಿಗಳನ್ನು ಒಂದೊಂದಾಗಿ ಎತ್ತಿ, ಕಿವಿಗೆ ಒತ್ತಿ ಹಿಡಿದು ಅಲ್ಲಾಡಿಸಿ ನೋಡುವುದು ಅವರ ದಿನದ ಅಭ್ಯಾಸ. ಸಿಪ್ಪೆಯ ನಾರು ಉಜ್ಜಿ ಉಜ್ಜಿ ಕಿವಿ ಹಾಗಾಗಿತ್ತು. ನಮ್ಮ ತಿಪಟೂರಿನ ಕಡೆ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಒಳಗೊಳಗೇ ಅಲುಗತೊಡಗಿದರೆ ಕೊಬ್ಬರಿಯಾಯಿತು ಎಂದರ್ಥ. ಅವರು ಕಿವಿಗೊಡುತ್ತಿದ್ದುದು ಆ ಸದ್ದಿಗೆ.

ಬಲಗಿವಿ ಎಂದು ಬರೆದೆ. ಎಡಗಿವಿ ಇದ್ದರೂ ಇರಬಹುದು. ಹಳೆಯ ದಿನಚರಿಗಳನ್ನೆಲ್ಲ ತಿರುವಿ ಹಾಕಿದೆ. ಕಿವಿಯ ವಿಷಯ ಎರಡು ಕಡೆ ಬರೆದಿದ್ದೇನೆ, ಯಾವ ಕಿವಿ ಎಂದು ಬರೆದಿಲ್ಲ. ಮುಂದಿನದನ್ನು ಓದುವವರು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಕಾಲೇಜಿನಲ್ಲಿ ನನಗೆ ಭೂಗೋಳ ಕಲಿಸಿದ ಮೇಡಂ ಅವರು. ಮದುವೆಯಾಗಿರಲಿಲ್ಲ. ನಿವೃತ್ತರಾದ ಮೇಲೆ ತಮ್ಮ ಮನೆಯ ನಡುಮನೆಯಲ್ಲಿ ಆಫ್ರಿಕಾ ಭೂಗೋಳ ಅಧ್ಯಯನ ಗುಂಪು ಶುರು ಮಾಡಿದರು. ಬೆಂಗಳೂರಿನ ಭೂಗೋಳ ಸಂಘವೊಂದರ ಮಾನ್ಯತೆ ಪಡೆದ ಗುಂಪು. ಸದಸ್ಯರು ಏಳು ಜನ, ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರಕ್ಕೆ ಸಭೆ. ಊರಿನವರಿಗೆ ಅವರು ‘ಆಫ್ರಿಕಾ ಮೇಡಂ’. ಅವರಿಗೆ ಪಾಸ್‌ಪೋರ್ಟ್ ಕೂಡ ಇರಲಿಲ್ಲ. ನಮ್ಮಲ್ಲಿ ಯಾರೂ ಆ ನೆಲವನ್ನು ನೋಡಿದವರಲ್ಲ.

“ಆಫ್ರಿಕಾನೇ ಯಾಕೆ ಮೇಡಂ?” ಎಂದು ಒಮ್ಮೆ ಕೇಳಿದ್ದೆ.

“ನಮ್ಮೂರಿನ ವಿಷಯ ಎತ್ತಿದ್ರೆ ಎಲ್ರೂ ಗೊತ್ತು ಗೊತ್ತು ಅಂತಾರೆ ಕಣೇ. ಯಾರೂ ನೋಡದೇ ಇರೋ ಕಡೆ ಗೊತ್ತಿಲ್ಲ ಅನ್ನೋದು ಸುಲಭ. ಅದನ್ನ ಕಲೀಲಿ ಅಂತ.”

ಗುಂಪಿನ ಕ್ರಮವೆಲ್ಲ ಇದರಲ್ಲೇ ಇತ್ತು. ಪ್ರತಿಯೊಬ್ಬರಿಗೂ ಒಂದೊಂದು ಪಾಲು. ನನಗೆ ನೈಜರ್ ನದಿ. ಹುಳಿಯಾರಿನ ಪಕ್ಕದ ಹಟ್ಟಿಯಿಂದ ಬರುತ್ತಿದ್ದ, ಕುರಿಗಾರರ ಮನೆಯ ಮೇಷ್ಟ್ರಿಗೆ ಸಹಾರಾ ಮರುಭೂಮಿಯ ಅಂಚಿನ ಸಾಹೆಲ್‌ನ ಹುಲ್ಲುಗಾವಲು. ಕೊಬ್ಬರಿ ಮಂಡಿಯ ಸಾಹುಕಾರರಿಗೆ ಒಕವಾಂಗೊ. ಅದು ಸಮುದ್ರ ಸೇರದೆ ಕಲಹಾರಿಯ ಮರಳಿನಲ್ಲೇ ಹರಡಿ ಮುಗಿದುಹೋಗುವ ನದಿ. ಮೇಡಂ ಇಟ್ಟುಕೊಂಡದ್ದು ಬತ್ತುತ್ತಾ ಬಂದಿರುವ ಚಾಡ್ ಸರೋವರ. ತಿಂಗಳಿಗೊಮ್ಮೆ ನಮ್ಮ ನಮ್ಮ ಪಾಲಿನ ವರದಿ ಓದಬೇಕು. ತಿಳಿಯದ ಕಡೆ ‘ಗೊತ್ತಿಲ್ಲ’ ಎಂದೇ ಬರೆಯಬೇಕು. ‘ಬಹುಶಃ’ ಎಂದು ಬರೆದರೆ ಅದರ ಕೆಳಗೆ ಅವರು ಎರಡು ಗೆರೆ ಎಳೆಯುತ್ತಿದ್ದರು.

ಸಾಹುಕಾರರು ಮೊದಲ ವರದಿಯಲ್ಲೇ ‘ಕಗ್ಗತ್ತಲ ಖಂಡ’ ಎಂದು ಬರೆದು ತಂದಿದ್ದರು. ಮೇಡಂ ಕನ್ನಡಕ ತೆಗೆದರು.

“ಸಾಹುಕಾರ್ರೇ, ಅಲ್ಲಿ ಸೂರ್ಯ ಹುಟ್ಟಲ್ವಾ?”

“ಹುಟ್ಟದೆ ಏನ್ ಮೇಡಮ್ಮೋರೆ.”

“ಎಷ್ಟೊತ್ತಿಗೆ?”

ಸಾಹುಕಾರರು ತಲೆ ಕೆರೆದುಕೊಂಡರು. ಮುಂದಿನ ತಿಂಗಳು ಒಕವಾಂಗೊ ಕಡೆಯ ಒಂದು ಊರಿನ ಮೂವತ್ತು ದಿನಗಳ ಸೂರ್ಯೋದಯದ ಹೊತ್ತನ್ನು ಮಂಡಿಯ ಚೀಟಿಗಳ ಬೆನ್ನಿಗೆ ಬರೆದು ತಂದು ಒಂದೂ ಬಿಡದೆ ಓದಿದರು. ಮೇಡಂ ಅಷ್ಟನ್ನೂ ಕೇಳಿದರು. ಅಂದಿನಿಂದ ಸಾಹುಕಾರರು ಸಭೆಗೆ ಅರ್ಧ ಗಂಟೆ ಮುಂಚೆಯೇ ಬರತೊಡಗಿದರು. ಅಟ್ಟದ ಏಣಿಯ ಒಂದು ಕಾಲು ಮೋಟು, ಹತ್ತಿದರೆ ಲಟಲಟ ಅಲುಗುತ್ತಿತ್ತು. ಮೇಡಂ ಹತ್ತುವಾಗ ಅದನ್ನು ಹಿಡಿದುಕೊಳ್ಳುವುದು ಸಾಹುಕಾರರ ಕೆಲಸವಾಯಿತು. ಯಾರೂ ಹೇಳಿದ್ದಲ್ಲ.

ಅಟ್ಟದಲ್ಲಿ ಕಾಯಿಗಳ ನಡುವೆ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ನಮ್ಮ ‘ಕಾಯ್ದಿಟ್ಟ ವರದಿ’ಗಳು. ಕಾಯಿ ಕೀಳುವ ಕಾಲದಲ್ಲಿ, ಮಂಡಿಯ ಗಡಿಬಿಡಿಯಲ್ಲಿ, ಬಸ್ಸು ತಪ್ಪಿ ಜನ ಬಾರದೆ ಹೋಗುತ್ತಿದ್ದರು. ಅದಕ್ಕೆ ಮೇಡಂ ಒಂದು ನಿಯಮ ಮಾಡಿದ್ದರು: ಪ್ರತಿ ಸದಸ್ಯರೂ ಒಂದು ವರದಿಯನ್ನು ಮೊದಲೇ ಬರೆದು, ಲಕೋಟೆ ಅಂಟಿಸಿ ಕೊಟ್ಟಿರಬೇಕು. ಬಾರದ ದಿನ ಅದನ್ನು ಓದಲಾಗುವುದು. ಓದಿದರೆ ಆ ಸದಸ್ಯ ಹಾಜರು. ಓದಿ ಮುಗಿದ ಮೇಲೆ ಇನ್ನೊಂದು ಕೊಟ್ಟಿಡಬೇಕು. ಒಂದು ಹೊತ್ತಿಗೆ ಒಬ್ಬರಿಗೆ ಒಂದೇ ಲಕೋಟೆ. ಜಂಟಿ ಕಾರ್ಯದರ್ಶಿಯಾಗಿ ಅದರ ಪಟ್ಟಿ ಇಡುತ್ತಿದ್ದವಳು ನಾನು. ನಡಾವಳಿಗೆ ಮೇಡಂ ಜೊತೆ ಸಹಿ ಹಾಕುತ್ತಿದ್ದವಳೂ ನಾನೇ.

ಕಳೆದ ವರ್ಷ ಯುಗಾದಿಗೆ ಮುಂಚೆ ಸಾಹುಕಾರರು ತೀರಿಕೊಂಡರು. ಮಂಡಿಯಲ್ಲಿ ಕೂತಲ್ಲೇ ಒರಗಿದರಂತೆ.

ನಾವು ಆರು ಜನರಾದೆವು. ಸತತ ಮೂರು ಸಭೆಗಳಿಗೆ ಏಳು ಹಾಜರಿ ಇಲ್ಲದಿದ್ದರೆ ಗುಂಪಿನ ಹೆಸರನ್ನು ಸಂಘ ತನ್ನ ಪಟ್ಟಿಯಿಂದ ತೆಗೆಯುತ್ತಿತ್ತು. ಬೇರೆಯವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಆ ಪಟ್ಟಿಯಲ್ಲಿ ತಿಪಟೂರು ಎಂಬ ಹೆಸರನ್ನು ಮೇಡಂ ಎಷ್ಟು ಸಲ ಬೆರಳಿಟ್ಟು ನನಗೆ ತೋರಿಸಿದ್ದರೆಂದರೆ, ಅದನ್ನು ತೆಗೆದರೆ ಅವರಿಗೆ ಏನಾಗುವುದೆಂದು ಯೋಚಿಸಲು ನನಗೆ ಹೆದರಿಕೆಯಾಗುತ್ತಿತ್ತು. ಏಳನೆಯವರನ್ನು ಹುಡುಕಿದೆವು. ಹಾಲ್ಕುರಿಕೆಯಲ್ಲಿ, ಮೇಡಂ ಅವರ ತೋಟದ ಪಕ್ಕದ ತೋಟದವರು, “ಅಲ್ಲೂ ತೆಂಗಿಗೆ ನುಸಿ ಬಿದ್ದೈತಾ ಮೇಡಂ? ಅದ್ರ ಬಗ್ಗೆ ಮಾತಾಡಂಗಿದ್ರೆ ಹೇಳಿ, ಬತ್ತೀನಿ” ಎಂದರು. ಕೆಂಕೆರೆಯ ಒಬ್ಬರು ಒಪ್ಪಿಕೊಂಡು ಬರಲೇ ಇಲ್ಲ.

ಎರಡನೇ ಭಾನುವಾರ ಬಂತು. ಮೇಡಂ ಎದ್ದು ಏಣಿಯ ಹತ್ತಿರ ಹೋದರು. ನಾನು ಓಡಿದೆ.

“ಇರಿ ಮೇಡಂ, ಹಿಡ್ಕೋತೀನಿ.”

“ಬೇಡ ಕಣೇ. ಹಿಡ್ಕೊಂಡಿದ್ದಾರೆ.”

ಹಿಂದಿನ ಅಭ್ಯಾಸದ ಮಾತು ಎಂದುಕೊಂಡೆ. ಅವರು ಹತ್ತಿದರು. ಏಣಿ ಅಲುಗಲಿಲ್ಲ. ಅಲುಗಲಿಲ್ಲ ಎಂದು ಅಂದಿನ ದಿನಚರಿಯಲ್ಲಿದೆ. ಆದರೆ ಸಂಜೆ ಮನೆಯಲ್ಲಿ ಕೂತು ಬರೆದದ್ದು ಅದು.

ಮೇಲಿಂದ ಸಾಹುಕಾರರ ಲಕೋಟೆ ತಂದು ಓದಿದರು. ಒಕವಾಂಗೊದ ನೆರೆಯ ವಿಷಯ. ಅಂಗೋಲದ ಬೆಟ್ಟಗಳಲ್ಲಿ ಎಂದೋ ಸುರಿದ ಮಳೆ ತಿಂಗಳುಗಟ್ಟಲೆ ನಿಧಾನವಾಗಿ ಹರಿದು ಬಂದು, ಕೆಳಗಿನ ಬಯಲಲ್ಲಿ ಮೋಡವೇ ಇಲ್ಲದ ಒಣಗಾಲದಲ್ಲಿ ನೆಲವನ್ನೆಲ್ಲ ತುಂಬುತ್ತದೆ. ಸುರಿಸಿದ ಮೋಡ ಕರಗಿ ಎಷ್ಟೋ ಕಾಲವಾದ ಮೇಲೆ ನೀರು ಬರುತ್ತದೆ. ಮೇಷ್ಟ್ರು ಹಲ್ಲು ಕಾಣುವಂತೆ ನಕ್ಕರು. ಮೇಡಂ ತಲೆ ಎತ್ತದೆ ಮುಂದಿನ ಸಾಲು ಓದಿದರು: “ಮೇಷ್ಟ್ರೇ, ನಗಬೇಡಿ. ಮಳೆ ಇಲ್ಲದೆ ನೆರೆ ಬಂತು ಅಂದರೆ ಅದರಲ್ಲಿ ನಗೋದೇನಿದೆ?”

ಮೇಷ್ಟ್ರ ನಗು ಅಲ್ಲೇ ನಿಂತಿತು. ತಲೆಯ ಮೇಲೆ, ಅಟ್ಟದಲ್ಲಿ, ಒಂದು ಕಾಯಿ ಒಂದೇ ಸಲ ಗಡಕ್ಕೆಂದಿತು.

“ಇಲಿ ಕಣ್ರೀ” ಎಂದರು ಮೇಷ್ಟ್ರು, ಯಾರೂ ಕೇಳದಿದ್ದರೂ.

ಸಾಹುಕಾರರ ಹೆಸರಿನ ಮುಂದೆ ‘ಹಾಜರು’ ಎಂದು ಬರೆಸಿದರು. ನಿಯಮದ ಪ್ರಕಾರ ಸರಿ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ.

ಮುಂದಿನ ತಿಂಗಳು ಮೇಡಂ ಮತ್ತೆ ಹತ್ತಿದರು, ಮತ್ತೆ ಸಾಹುಕಾರರ ಲಕೋಟೆ ಎಂದು ಒಂದನ್ನು ತಂದರು. ನನ್ನ ಪಟ್ಟಿಯಲ್ಲಿ ಇದ್ದದ್ದು ಒಂದೇ. “ಇನ್ನೊಂದಿತ್ತು” ಎಂದರು, ನನ್ನ ಮುಖ ನೋಡದೆ. ಓದುತ್ತಾ ಓದುತ್ತಾ ನಡುವೆ, “ನನ್ನ ಕುರ್ಚಿಯನ್ನು ಯಾಕೆ ಗೋಡೆಗೆ ತಿರುಗಿಸಿದ್ದೀರಿ?” ಎಂಬ ಮಾತು ಬಂತು. ಆರೂ ಜನ ತಿರುಗಿ ನೋಡಿದೆವು. ಸಾಹುಕಾರರು ಕೂರುತ್ತಿದ್ದ ಕುರ್ಚಿಯ ಮುಖ ಗೋಡೆಯ ಕಡೆಗಿತ್ತು. ನೆಲ ಗುಡಿಸಿದಾಗ ಯಾರೋ ಸರಿಸಿಟ್ಟಿದ್ದಿರಬೇಕು. ಮೇಷ್ಟ್ರು ಎದ್ದು ಅದನ್ನು ಈ ಕಡೆಗೆ ತಿರುಗಿಸಿ, ಪಂಚೆಗೆ ಕೈ ಒರೆಸಿಕೊಂಡು, ಅದರಿಂದ ಎರಡು ಕುರ್ಚಿ ಆಚೆ ಹೋಗಿ ಕೂತರು.

“ಆಯಪ್ಪ ಹೋಗೇ ಇಲ್ವೇನೋ ಅನ್ನಂಗೈತೆ” ಎಂದರು ಮೆಲ್ಲಗೆ.

ಮೂರನೆಯ ಸಲವೂ ಹಾಗೆಯೇ ಆದ ಮೇಲೆ ನಾನು ಸುಮ್ಮನಿರಲಿಲ್ಲ. ಎಲ್ಲರೂ ಹೋದ ಮೇಲೆ, ನಡಾವಳಿ ಪುಸ್ತಕವನ್ನು ಮುಚ್ಚಿ ಕೈಯಲ್ಲಿ ಹಿಡಿದು ಕೇಳಿದೆ.

“ಮೇಡಂ, ಇವನ್ನ ನೀವೇ ಬರೀತಿದ್ದೀರಾ?”

ಅವರು ಬದಿಯಲ್ಲಿದ್ದ ಕಾಯಿಯೊಂದನ್ನು ಎತ್ತಿ ನನ್ನ ಕಿವಿಗೆ ಹಿಡಿಯುವಂತೆ ಕೊಟ್ಟರು.

“ಅಲ್ಲಾಡ್ಸು. ಏನ್ ಕೇಳಿಸ್ತು?”

“ಕೊಬ್ಬರಿ ಅಲುಗ್ತಿದೆ.”

“ಅಲುಗಿಸ್ತಿರೋದು ಯಾರು?”

“ನಾನೇ.”

“ಹೂಂ” ಎಂದರು. ಕಾಯಿಯನ್ನು ವಾಪಸು ತೆಗೆದುಕೊಂಡು, “ಆದ್ರೂ ಒಳಗೊಂದು ಇದ್ದೇ ಇದೆ ಅಲ್ವೇನೇ?” ಎಂದರು. ಆ ಧ್ವನಿ ಪಾಠ ಹೇಳುವವರದ್ದಾಗಿರಲಿಲ್ಲ, ಕೇಳಿ ತಿಳಿದುಕೊಳ್ಳಬೇಕಾದವರದ್ದಾಗಿತ್ತು. ನಾನು ನಡಾವಳಿ ಪುಸ್ತಕ ತೆರೆದೆ. ಮೂರನೆಯ ಸಹಿಯನ್ನೂ ಹಾಕಿದೆ.

ಮುಂಗಾರು ಶುರುವಾದ ವಾರ, ಮಧ್ಯಾಹ್ನ ಮಲಗಿದ ಮೇಡಂ ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ನಡುಮನೆಯಲ್ಲಿ ಮಲಗಿಸಿದ್ದರು. ಹಿಂದಿನ ಗೋಡೆಯ ಮೇಲೆ ಆಫ್ರಿಕಾದ ದೊಡ್ಡ ಬಟ್ಟೆಯ ನಕ್ಷೆ. ಅದರಲ್ಲಿ ಹೆಸರು ಬದಲಾದ ದೇಶಗಳ ಮೇಲೆಲ್ಲ ಅವರು ಅಂಟಿಸಿದ ಕಾಗದದ ಚೂರುಗಳು. ಬಂದವರೆಲ್ಲ ನಕ್ಷೆಗೂ ಒಮ್ಮೆ ಕೈಮುಗಿದು ಹೋಗುತ್ತಿದ್ದರು, ಯಾವುದೋ ದೇವರ ಪಟವೆಂದುಕೊಂಡು.

ಮುಂದಿನ ಎರಡನೇ ಭಾನುವಾರ ಅವರ ತಮ್ಮನ ಹೆಂಡತಿ ಮನೆಯ ಬಾಗಿಲು ತೆರೆದುಕೊಟ್ಟರು. ನಾವು ಐದು ಜನ.

“ಏಳಾಗ್ತೀವಲ್ಲ ಕಣಮ್ಮ” ಎಂದರು ಮೇಷ್ಟ್ರು, ಬೆರಳು ಮಡಚುತ್ತಾ. “ನಾವೈದು. ಆಯಪ್ಪಂದೊಂದು ಲಕೋಟೆ, ಮೇಡಮ್ಮಂದೊಂದು. ಹತ್ತು ನೀನು.”

ಅವರು ಹೇಳಿದ್ದು ಸರಿ. ಎರಡು ಲಕೋಟೆ ಓದಿದರೆ ಏಳು ಹಾಜರಿ, ಗುಂಪು ಉಳಿಯುತ್ತದೆ. ಹತ್ತಿದೆ. ಮೇಷ್ಟ್ರು ಏಣಿ ಹಿಡಿದಿದ್ದರು. ಹಿಡಿದಿದ್ದರೂ ಅದು ಲಟಲಟ ಎನ್ನುತ್ತಲೇ ಇತ್ತು. ಅಟ್ಟದ ಮಬ್ಬು ಬೆಳಕಿನಲ್ಲಿ ಕಾಯಿಗಳು ಸಾಲಾಗಿ, ಉಸಿರು ಹಿಡಿದು ಕೂತವರ ಹಾಗೆ ಕಂಡವು. ಪೆಟ್ಟಿಗೆ ತೆರೆದೆ.

ಮೇಲೆಯೇ ಸಾಹುಕಾರರ ಲಕೋಟೆ ಇತ್ತು. ನನ್ನ ಪಟ್ಟಿಯಲ್ಲಿದ್ದ ಅದೇ ಲಕೋಟೆ, ಅವರದೇ ಮಂಡಿ ಚೀಟಿಯ ಅಕ್ಷರ. ಅಂಟು ಬಿಚ್ಚಿರಲಿಲ್ಲ. ಅದರ ಕೆಳಗೆ ಮೂರು ಬಿಡಿ ಹಾಳೆಗಳು. ಮೂರೂ ಮೇಡಂ ಅವರ ದುಂಡು ಅಕ್ಷರ; ಮರೆಮಾಚುವ ಪ್ರಯತ್ನವೂ ಇರಲಿಲ್ಲ. ಆದರೆ ಮೇಡಂ ಓದುವಾಗ ಸಾಹುಕಾರರ ಅಕ್ಷರ ಕಂಡೆ ಎಂದು ನನ್ನ ದಿನಚರಿಯಲ್ಲಿ ಬರೆದುಕೊಂಡಿದ್ದೆ. ಮೊದಲನೆಯದರಲ್ಲಿ ‘ಮೇಷ್ಟ್ರೇ, ನಗಬೇಡಿ’ ಇತ್ತು. ಎರಡನೆಯದನ್ನು ಮೂರು ಸಲ ಓದಿದೆ. ಕುರ್ಚಿಯ ಮಾತು ಅದರಲ್ಲಿ ಇರಲಿಲ್ಲ.

ಕೊನೆಗೆ ಮೇಡಂ ಅವರದು. ಕೆಳಗೆ ಬಂದು ಒಡೆದು ಓದಿದೆ. ಚಾಡ್ ಸರೋವರದ ಬಗ್ಗೆ ಒಂದೇ ಸಾಲು: ಈ ತಿಂಗಳು ಅದರ ದಡ ಎಲ್ಲಿದೆಯೋ ಗೊತ್ತಿಲ್ಲ. ಆಮೇಲೆ ಹೀಗಿತ್ತು:

“ಇದನ್ನು ಓದುವಾಗ ನಾನು ಹಾಜರಿಲ್ಲ. ಹಾಗೆಯೇ ಬರೆಯಿರಿ. ಸಾಹುಕಾರರೂ ಮೂರು ಸಭೆಗಳಲ್ಲಿ ಇರಲಿಲ್ಲ; ಅವರ ಹೆಸರಿನಲ್ಲಿ ನಾನು ಬರೆದೆ. ಗುಂಪು ಉಳಿಸಲು ಎಂದುಕೊಂಡೆ. ಅದು ಪೂರ್ತಿ ನಿಜವಲ್ಲ. ಅವರ ಲಕೋಟೆ ಒಡೆದರೆ ಅವರ ಮಾತು ಮುಗಿದುಹೋಗುತ್ತದೆ ಎಂದು ಕೈ ಬರಲಿಲ್ಲ. ಸಂಘಕ್ಕೆ ತಿದ್ದುಪಡಿ ಕಳಿಸಿ. ಸಹಿ ಹಾಕಿದ ಹುಡುಗಿಯದು ತಪ್ಪಿಲ್ಲ.”

ಕೊನೆಯ ವಾಕ್ಯ ಮಾತ್ರ ಸುಳ್ಳು ಎಂದು ನನಗೆ ಗೊತ್ತಿತ್ತು.

“ಸಾಹುಕಾರರದ್ದನ್ನ ಒಡೀಲಾ ಮೇಷ್ಟ್ರೇ?” ಎಂದೆ.

ಅವರು ಲಕೋಟೆಯನ್ನು ನನ್ನ ಕೈಯಿಂದ ತಗೊಂಡು, ತೂಕ ನೋಡುವವರಂತೆ ಹಿಡಿದು, ವಾಪಸು ಕೊಟ್ಟರು. “ಬ್ಯಾಡ ಬುಡು. ಆಯಮ್ಮನೇ ಒಡೀಲಿಲ್ಲ. ಎತ್ತಿಟ್ಬುಡವ್ವ ಅಲ್ಲೇ.”

ಹಾಜರಿ ಐದು ಎಂದು ಬರೆದೆ. ಹಿಂದಿನ ಮೂರು ಸಭೆಗಳ ‘ಏಳು’ ಹೊಡೆದು ಹಾಕಿ ‘ಆರು’ ಮಾಡಿ, ಪಕ್ಕದಲ್ಲಿ ನನ್ನ ಸಹಿ ಹಾಕಿ, ನಕಲನ್ನು ಸಂಘಕ್ಕೆ ಕಳಿಸಿದೆ. ತಿಂಗಳೊಳಗೆ ಪತ್ರ ಬಂತು. ಈಗ ಪಟ್ಟಿಯಲ್ಲಿ ತಿಪಟೂರು ಇಲ್ಲ. ಆದರೂ ಎರಡನೇ ಭಾನುವಾರ ಮೂರಕ್ಕೆ ಸೇರುತ್ತೇವೆ. ಚಾಡ್ ಸರೋವರವನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ತುರುವೇಕೆರೆಯ ಕಾಲೇಜಿನಲ್ಲಿ ಪಾಠ ಮಾಡುವಾಗ ತಿಳಿಯದ್ದನ್ನು ಕೇಳಿದರೆ ‘ಗೊತ್ತಿಲ್ಲ’ ಎನ್ನುತ್ತೇನೆ. ಮೊದಮೊದಲು ಮಕ್ಕಳು ನಗುತ್ತಿದ್ದರು. ನನಗೆ ಮೇಡಂ ಅವರಿಂದ ಬಂದ ಆಸ್ತಿ ಇದೊಂದೇ. ದಿನಚರಿಯಲ್ಲಿ ಹಿಂದೆ ಬರೆದುದರ ಕೆಳಗೆಲ್ಲ ಈಗ ಎರಡೆರಡು ಗೆರೆ ಎಳೆಯುತ್ತಾ ಕೂರುವುದೂ ಅವರಿಂದಲೇ.

ಇನ್ನೊಂದು ಉಳಿದಿದೆ. ಅಂದು ಸಭೆ ಮುಗಿದ ಮೇಲೆ ಸಾಹುಕಾರರ ಲಕೋಟೆಯನ್ನು ಪೆಟ್ಟಿಗೆಯಲ್ಲಿ ಇಡಲು ಮತ್ತೆ ಏಣಿ ಹತ್ತಿದೆ. ಹತ್ತುವಾಗಲೂ ಇಳಿಯುವಾಗಲೂ ಅದು ಒಂದಿಷ್ಟೂ ಅಲುಗಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ನಿಂತು, ತಿರುಗಿ ನೋಡದೆ, “ಸಾಕು ಮೇಷ್ಟ್ರೇ, ಬಿಡಿ” ಎಂದೆ.

“ಏನ್ ಬುಡ್ಲವ್ವಾ?” ಎಂದು ಕೇಳಿದ ದನಿ ಹೊರಗಿನ ಜಗಲಿಯಿಂದ ಬಂತು. ಮೇಷ್ಟ್ರು ಅಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಉಳಿದವರು ಆಗಲೇ ಬೀದಿಗೆ ಇಳಿದಿದ್ದರು.

ಅಲ್ಲೇ ನಿಂತು ನಡಾವಳಿ ಪುಸ್ತಕ ತೆರೆದು, ಹಾಜರಿ ಐದು ಎಂಬುದರ ಕೆಳಗೆ, ಸಂಜೆಯವರೆಗೆ ಕಾಯದೆ ಬರೆದೆ: ಏಣಿ ಹಿಡಿದವರು ಯಾರೋ ಗೊತ್ತಿಲ್ಲ.