ಒಂದು ಅಂಕದ ಓರಗಿತ್ತಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಅದರ ಕೊನೆಯ ಕೋಣೆಯಲ್ಲಿ ಹರಿದ ಬೆಡ್‌ಶೀಟುಗಳನ್ನು ಕತ್ತರಿಸಿ ದಿಂಬಿನ ಕವರು ಹೊಲಿಯುತ್ತಿದ್ದವಳನ್ನು ಎಲ್ಲರೂ ಕತ್ತರಿ ಅಂತಲೇ ಕರೆಯುತ್ತಿದ್ದರು. ಅದು ಕೈಯಲ್ಲಿದ್ದ ಕತ್ತರಿಯಿಂದ ಬಂದ ಹೆಸರೋ, ಬಾಯಲ್ಲಿದ್ದ ಕತ್ತರಿಯಿಂದ ಬಂದದ್ದೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಏಳು ಮೇಲ್ವಿಚಾರಕರನ್ನು ಕಂಡಿದ್ದಳು, ಒಬ್ಬನಿಗೂ ಮರ್ಯಾದೆ ಕೊಟ್ಟಿರಲಿಲ್ಲ. "ಬರ್ತಾರೆ, ಬೆವರ್ತಾರೆ, ಹೋಗ್ತಾರೆ," ಅನ್ನುತ್ತಿದ್ದಳು.

ಪಕ್ಕದ ಹಜಾರದಲ್ಲಿ ಬಟ್ಟೆ ಮಡಚುತ್ತಿದ್ದವಳು ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಇಬ್ಬರಿಗೂ ಒಂದೇ ಮನೆ, ಒಂದೇ ಬಸ್ಸು, ಒಂದೇ ಬುತ್ತಿ. ಕತ್ತರಿ ಹತ್ತು ಮಾತಾಡಿದರೆ ಅವಳದು ಒಂದು ತಲೆಯಾಡಿಕೆ. ಒಂಬತ್ತು ವರ್ಷದ ಹಿಂದೆ ಓರಗಿತ್ತಿಯ ಒಬ್ಬಳೇ ಮಗಳು ಇದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಹೆರಿಗೆಯ ಹೊತ್ತಿನಲ್ಲಿ ತೀರಿಕೊಂಡಿದ್ದಳು. ಹದಿನೈದನೆಯ ದಿನಕ್ಕೆ ತಾಯಿ ಕೆಲಸಕ್ಕೆ ಹಾಜರ್. ಗಟ್ಟಿಗಿತ್ತಿ ಅಂದರು ಜನ. ಕತ್ತರಿಯೂ ಹಾಗೇ ಅಂದುಕೊಂಡು ಸುಮ್ಮನಾಗಿದ್ದಳು.

ಆ ವರ್ಷ ಆಡಳಿತದವರಿಗೆ ನೌಕರರ ಮನಸ್ಸಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ನೆಲಮಾಳಿಗೆಯ ಕೆಟ್ಟ ಫ್ಯಾನು ಮೂರು ವರ್ಷದಿಂದ ರಿಪೇರಿಗೆ ಕಾಯುತ್ತಿತ್ತು. ಮನಸ್ಸು ಅಳೆಯುವವನು ಮಾತ್ರ ಮೂರೇ ದಿನದಲ್ಲಿ ಬಂದ. ಆ ಸೆಕೆಯಲ್ಲೂ ಟೈ ಕಟ್ಟಿದ್ದ, ಕೈಯಲ್ಲಿ ಟ್ಯಾಬು ಹಿಡಿದಿದ್ದ. ಹೊಲಿಗೆ ಕೋಣೆಗೆ ಬಂದವನೇ ಬೆವರು ಒರೆಸಿಕೊಳ್ಳುತ್ತ ಓದತೊಡಗಿದ.

"ಕಳೆದ ಎರಡು ವಾರದಲ್ಲಿ, ಎಂದಿಗಿಂತ ಹೆಚ್ಚಾಗಿ, ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ಅನಿಸಿದೆಯಾ? ಇಲ್ಲ, ಕೆಲವು ದಿನ, ಹೆಚ್ಚಿನ ದಿನ, ಪ್ರತಿದಿನ. ಇದರಲ್ಲಿ ಒಂದು ಹೇಳಿ."

"ನಿನ್ನನ್ನ ನೋಡಿದ ಮೇಲೆ ಅನಿಸ್ತಿದೆಯಪ್ಪ. ಅದಕ್ಕೆ ಯಾವ ಬಟನ್ನು?"

"ಅಮ್ಮಾ, ಹಾಗೆಲ್ಲ ಬರ್ಕೊಳ್ಳೋಕೆ ಇದ್ರಲ್ಲಿ ಜಾಗ ಇಲ್ಲ."

"ಹಾಗಾದ್ರೆ ಪ್ರತಿದಿನ ಅಂತ ಒತ್ತು. ಮುಂದಿನದಕ್ಕೂ ಅದೇ. ಕೊನೇವರೆಗೂ ಒತ್ಕೊಂಡು ಹೋಗು, ನನಗೆ ಕೆಲಸ ಇದೆ."

ಅವನು ಒತ್ತಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಪೈಕಿ. ಒಂಬತ್ತು ಪ್ರಶ್ನೆ, ಪ್ರತಿದಿನ ಅಂದರೆ ಮೂರು ಅಂಕ, ಇಪ್ಪತ್ತೇಳಕ್ಕೆ ಇಪ್ಪತ್ತೇಳು ಬಂತು. ಶಾಲೆಯಲ್ಲಿ ಎಂದೂ ನೆಟ್ಟಗೆ ಪಾಸಾಗದವಳು ಇಲ್ಲಿ ಮೊದಲ ಸ್ಥಾನಕ್ಕೆ ಬಂದಳು. ಓರಗಿತ್ತಿ ಒಂಬತ್ತು ಪ್ರಶ್ನೆಗಳಲ್ಲಿ ಎಂಟಕ್ಕೆ ಇಲ್ಲ ಅಂದಳು. ಮಂಡಿನೋವಿಗೆ ಕೆಲವು ದಿನ ನಿದ್ದೆ ಬರುವುದಿಲ್ಲ ಅಂದದ್ದಕ್ಕೆ ಒಂದು ಅಂಕ ಬಿತ್ತು.

ವಾರದೊಳಗೆ ಚೀಟಿಗಳು ಬಂದವು. ಕತ್ತರಿಯದು 'ತೀವ್ರ', ಚೂಪಾದ ವಸ್ತು ಮುಟ್ಟಕೂಡದು, ದಿನಕ್ಕೊಂದು ಗಂಟೆ ಉಸಿರಾಟದ ತರಗತಿ. ಮೇಲ್ವಿಚಾರಕ ಅವಳ ಕೈಯ ಕತ್ತರಿ ಕಿತ್ತುಕೊಂಡು ಬೀರುವಿಗೆ ಬೀಗ ಹಾಕಿದ. ಓರಗಿತ್ತಿ 'ಆರೋಗ್ಯವಂತೆ', ಆದ್ದರಿಂದ ಜನ ಕಮ್ಮಿಯಿದ್ದ ಬಿಸಿ ರೋಲರಿನ ಇಸ್ತ್ರಿ ಮಿಷನ್ನಿಗೆ ವರ್ಗ. ಕತ್ತರಿ ತರಗತಿಗೆ ಹೋದಳು. "ಐವತ್ತು ವರ್ಷದಿಂದ ಯಾರೂ ಹೇಳ್ಕೊಡದೇನೇ ಉಸಿರು ಎಳೀತಿದೀನಿ," ಅಂದವಳೇ ಗೋಡೆಗೆ ಒರಗಿ ಗೊರಕೆ ಹೊಡೆದಳು.

ನಾಲ್ಕನೆಯ ದಿನ, ಊಟಕ್ಕೆ ಸ್ವಲ್ಪ ಮುಂಚೆ, ಇಸ್ತ್ರಿ ಹಜಾರದಿಂದ ಕೂಗು ಕೇಳಿತು. ಕೂಗಿದವಳು ಓರಗಿತ್ತಿಯಲ್ಲ, ಅವಳ ಎದುರು ನಿಂತು ಬಟ್ಟೆ ಹಿಡಿಯುತ್ತಿದ್ದವಳು. ರೋಲರಿನೊಳಗೆ ಮೂರನೆಯ ಮಹಡಿಯ ಹೆರಿಗೆ ವಾರ್ಡಿನ ಹಸಿರು ಅಂಚಿನ ಬೆಡ್‌ಶೀಟು ಹೋಗುತ್ತಿತ್ತು. ಓರಗಿತ್ತಿ ಅದನ್ನೇ ನೋಡುತ್ತ ಮುಂದಿನ ಬಿಸಿ ತಗಡಿನ ಮೇಲೆ ಅಂಗೈಯೂರಿ ನಿಂತಿದ್ದಳು, ಬಸ್ಸಿಗೆ ಕಾಯುವವರು ಕಂಬಕ್ಕೆ ಕೈಯೂರುವ ಹಾಗೆ. ಕತ್ತರಿ ಓಡಿಬಂದು ಎಳೆಯುವ ತನಕ ಕೈ ತೆಗೆಯಲಿಲ್ಲ. ತೆಗೆದ ಮೇಲೂ ಅಳಲಿಲ್ಲ.

ವಿಚಾರಣೆ ನಡೆಯಿತು, ಓರಗಿತ್ತಿಯ ಜೊತೆ ಕತ್ತರಿಯನ್ನೂ ಕರೆಸಿದರು. ಟೈಯವನು ಟ್ಯಾಬು ತೆರೆದು, "ಇವರ ಅಂಕ ಒಂದು. ಆದ್ದರಿಂದ ಇದು ಬರೀ ಅಜಾಗರೂಕತೆ," ಅಂದ. ಆಡಳಿತಾಧಿಕಾರಿ ತಲೆದೂಗಿದ. ಸುಟ್ಟ ಕೈ ಸುಳ್ಳು, ಟ್ಯಾಬು ಸತ್ಯ!

ಆ ಕೋಣೆಯಲ್ಲಿ ವಿಶ್ವವಿದ್ಯಾಲಯದಿಂದ ಬಂದ ಒಬ್ಬ ಸಂಶೋಧಕಿಯೂ ಇದ್ದಳು. ಇಂಥ ಪ್ರಶ್ನೆಗಳನ್ನು ಜನ ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ತಿಳಿಯುವುದು ಅವಳ ಕೆಲಸವಂತೆ. "ಅಳೆಯೋರನ್ನ ಅಳೆಯೋಕೆ ಇನ್ನೊಬ್ಬಳು," ಅಂತ ಕತ್ತರಿ ಆಗಲೇ ಮೂಗು ಮುರಿದಿದ್ದಳು. ಸಂಶೋಧಕಿ ಕುರ್ಚಿ ಬಿಟ್ಟೆದ್ದು ಓರಗಿತ್ತಿಯ ಪಕ್ಕದ ಬೆಂಚಿಗೆ ಬಂದು ಕೂತಳು.

"ಹೆಚ್ಚುಕಮ್ಮಿ ಎಲ್ಲದಕ್ಕೂ ಇಲ್ಲ ಅಂದ್ರಂತಲ್ಲ, ಯಾಕಮ್ಮಾ?"

ಓರಗಿತ್ತಿ ಪಟ್ಟಿ ಸುತ್ತಿದ ಕೈ ನೋಡಿಕೊಂಡಳು. "ಎರಡು ವಾರದಲ್ಲಿ, ಎಂದಿಗಿಂತ ಹೆಚ್ಚಾಗಿ ಅಂತ ಕೇಳಿದ್ರು. ಎರಡು ವಾರದಲ್ಲಿ ಹೆಚ್ಚೇನೂ ಆಗಿಲ್ಲವಲ್ಲ. ಒಂಬತ್ತು ವರ್ಷದಿಂದ ಅಷ್ಟೇ ಇದೆ."

ಟೈಯವನು ಟ್ಯಾಬಿನ ಮೇಲೆ ಬೆರಳಾಡಿಸಿದ, ಎಲ್ಲಿ ಒತ್ತಬೇಕೋ ತಿಳಿಯದೆ.

ಅಲ್ಲಿದ್ದವರನ್ನೆಲ್ಲ ಒಂದು ಸುತ್ತು ಮನಸ್ಸಿನಲ್ಲೇ ಉಗಿದ ಕತ್ತರಿ ಕೊನೆಗೆ ತನ್ನ ಹತ್ತಿರವೇ ಬಂದು ನಿಂತಳು. ಇವರೆಲ್ಲ ದಡ್ಡರು, ಸರಿ. ಇವರು ಬಂದು ಎಷ್ಟು ದಿನವಾಯಿತು? ತಾನು ಒಂಬತ್ತು ವರ್ಷ ಅವಳ ಜೊತೆ ಉಂಡು, 'ಗಟ್ಟಿಗಿತ್ತಿ' ಅನ್ನುವ ಒಂದೇ ಬಟನ್ನು ಒತ್ತಿಕೊಂಡು ಕೂತಿದ್ದಳು. ಈ ಟೈಯವನಾದರೂ ಒಂಬತ್ತು ಪ್ರಶ್ನೆ ಕೇಳಿದ. ತಾನು ಒಂದನ್ನೂ ಕೇಳಿರಲಿಲ್ಲ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ, ಅನ್ನಿಸಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಮಿಷನ್ನಿನ ಮುಂದೆ 'ಬಿಸಿ ಇದೆ, ಎಚ್ಚರಿಕೆ' ಅನ್ನುವ ಫಲಕ ಬಂತು. ಸಂಶೋಧಕಿ ನಡೆದದ್ದನ್ನು ಇದ್ದಂತೆ ಬರೆದುಕೊಟ್ಟಳು. ಆಡಳಿತದವರು ಅದರ ಕೆಳಗೆ 'ಪ್ರಶ್ನೆಗಳಿಗೆ ಉತ್ತರಿಸುವ ಬಗ್ಗೆ ನೌಕರರಿಗೆ ತರಬೇತಿ ಅಗತ್ಯ' ಎಂದು ಷರಾ ಹಾಕಿ ಕಡತ ಮುಚ್ಚಿದರು. ಅಳತೆ ಸರಿಯಿತ್ತಂತೆ, ಮನುಷ್ಯರೇ ತಪ್ಪಾಗಿದ್ದರಂತೆ.

ಕತ್ತರಿ ಮೇಲ್ವಿಚಾರಕನ ಮೇಜಿನ ಮುಂದೆ ಹೋಗಿ ನಿಂತಳು. "ಅಕ್ಕನ್ನ ನನ್ನ ಕೋಣೆಗೆ ಹಾಕ್ಕೊಡಿ. ನಾನು ತೀವ್ರ ಅಂತ ನೀವೇ ಬರ್ಕೊಟ್ಟಿದೀರಿ. ಆಗಲ್ಲ ಅಂದ್ರೆ ಏನು ಮಾಡ್ತೀನೋ ನನಗೇ ಗೊತ್ತಿಲ್ಲ." ಅವನು ಹೆದರಿ ಸಹಿ ಹಾಕಿದ. ಹೆದರಿಕೆಯಲ್ಲಿ ಬೀರು ತೆಗೆದು ಕತ್ತರಿಯನ್ನೂ ಅವಳ ಕೈಗೇ ಕೊಟ್ಟ, ಪುಣ್ಯಾತ್ಮ.

ಗಾಯ ಮಾಗಿತು, ಎರಡು ಬೆರಳು ಮಾತ್ರ ಮತ್ತೆ ಮಡಚಲು ಬರಲಿಲ್ಲ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕತ್ತರಿ ತಲೆಯೆತ್ತದೆ ಕೇಳಿದಳು. "ಅಕ್ಕಾ, ಆವತ್ತು ನಾನು ಮನೇಲಿದ್ದೆ. ಮೇಲೆ, ಮೂರನೇ ಮಹಡೀಲಿ, ಏನಾಯ್ತು?"

ಓರಗಿತ್ತಿ ತುತ್ತು ಕೆಳಗಿಟ್ಟಳು. "ಬೆಳಗ್ಗೆ ಚೆನ್ನಾಗೇ ಇದ್ಲು ಕಣೆ. ತಲೆ ಬಾಚಮ್ಮಾ ಅಂದ್ಲು..." ಅಂತ ಶುರು ಮಾಡಿದಳು.

ಬೆಲ್ಲು ಹೊಡೆಯಿತು. ಮೇಲ್ವಿಚಾರಕ ಬಾಗಿಲಿಗೆ ಬಂದು ಕೈಗಡಿಯಾರ ತಟ್ಟಿ ತೋರಿಸಿದ. ಕತ್ತರಿ ಎದ್ದು ಹೋಗಿ ಅವನ ಮುಖದ ಮೇಲೆ ಬಾಗಿಲು ಹಾಕಿ, ಚಿಲಕ ಜಡಿದು, ವಾಪಸು ಬಂದು ಕೂತಳು.

"ನೀನು ಹೇಳಕ್ಕ," ಅಂದಳು.