ಬಾಳಪ್ಪ ಕರೆಯದೆ ಬಿಟ್ಟ ಹೆಸರು

ಬಾಳಪ್ಪ ಮೈಕಿಗೆ ಬೆರಳಿನಿಂದ ಎರಡು ಸಲ ತಟ್ಟಿ ಒಮ್ಮೆ ಕೆಮ್ಮಿದನೆಂದರೆ ಊರಿನ ನಾಯಿಗಳೂ ಕಿವಿ ನಿಮಿರಿಸುತ್ತಿದ್ದವು. ಕಾಗವಾಡದ ಕಡೆಯ ಆ ಹೊಳೆದಂಡೆಯ ಊರಿಗೆ ನಾನು ಪಂಚಾಯತಿ ಗುಮಾಸ್ತನಾಗಿ ಹೋದದ್ದು ಎಂಬತ್ತರ ದಶಕದಲ್ಲಿ. ಪಂಚಾಯತಿಯ ರೇಡಿಯೋ ಕೋಣೆಗೆ ಮೂವರು ಬೇಕಿತ್ತು. ಇದ್ದವನು ಬಾಳಪ್ಪ ಒಬ್ಬನೇ. ಮಾಳಿಗೆಯ ಮೇಲಿನ ಭೋಂಗಾದಲ್ಲಿ, ಅಂದರೆ ಧ್ವನಿವರ್ಧಕದಲ್ಲಿ, ಧಾರವಾಡದ ವಾರ್ತೆ ಹಾಕುವವನು, ಕಳೆದುಹೋದ ಆಡಿನ ಸುದ್ದಿ, ಸತ್ತವರ ಸುದ್ದಿ ಸಾರುವವನು, ಇಲಿ ಕಡಿದ ವೈರು ಜೋಡಿಸುವವನು ಎಲ್ಲ ಅವನೇ. ಏನೇ ಇರಲಿ, ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಬೇಕು. “ಮಂದಿ ಅಂತ ಕರದ್ರ ಯಾರೂ ಬರೂದಿಲ್ಲರಿ, ಹೆಸರ ಹಿಡದ ಕರೀಬೇಕು” ಎನ್ನುವುದು ಅವನ ಶಾಸ್ತ್ರ.

ಹೊಳೆಗೆ ಮಹಾಪೂರ ಬಂದ ವರ್ಷ ಆ ಶಾಸ್ತ್ರವೇ ಊರನ್ನು ಉಳಿಸಿತು. ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟರೆಂದು ಸಾಂಗಲಿಯ ವಾರ್ತೆಯಲ್ಲಿ ಬಂದದ್ದೇ ತಡ, ಕರೆಂಟೂ ಹೋಯಿತು. ಬಾಳಪ್ಪ ಟ್ರ್ಯಾಕ್ಟರಿನ ಬ್ಯಾಟರಿಗೆ ಮೈಕು ಜೋಡಿಸಿ ಕುಳಿತ. ಗಂಡಸರು ದನ ಹೊಡೆದುಕೊಂಡು ದಿಬ್ಬಕ್ಕೆ ಹೋಗಿದ್ದರು. ಹೊಳೆ ಓಣಿಯ ಹೆಂಗಸರನ್ನು ಅವನು ಒಬ್ಬೊಬ್ಬರಾಗಿ ಹೆಸರು ಹಿಡಿದು ಹೊರಡಿಸಿದ. ಮಧ್ಯಾಹ್ನದ ಹೊತ್ತಿಗೆ ಓಣಿ ಖಾಲಿಯಾಯಿತು, ಒಂದು ಮನೆ ಬಿಟ್ಟು. ಅದು ಅವನದೇ ಮನೆ.

ನಾನು ಮೊಣಕಾಲುದ್ದ ನೀರಿನಲ್ಲಿ ಹೋಗಿ ನೋಡಿದರೆ, ಅವನ ಹೆಂಡತಿ ತಂಗೆವ್ವ ಎಮ್ಮೆಯ ಹಗ್ಗ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದಳು.

“ಓಣಿ ಮಂದೀನೆಲ್ಲಾ ಕರದ್ರು. ನನ್ನ ಪಾಳಿ ಇನ್ನೂ ಬಂದಿಲ್ಲರಿ” ಎಂದಳು. ಎಷ್ಟು ಬೇಡಿಕೊಂಡರೂ ಏಳಲಿಲ್ಲ.

ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಹೇಳಲೇಬೇಕಾಗಿ ಬಂದರೆ ಪ್ರಾಸದ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಪಾರಾಗುತ್ತಾರೆ. ಊರಿಗೆಲ್ಲ ಬಾಯಿಯಾಗಿದ್ದವನು ತನ್ನ ಮನೆಯ ಪಾಳಿ ಬಂದಾಗ ನಾಚಿ ಮುಂದೆ ದಾಟಿಬಿಟ್ಟಿದ್ದ.

ನಾನು ಮರಳಿ ಬಂದು ಬಾಳಪ್ಪನಿಗೆ ವಿಷಯ ಹೇಳಿದೆ. ಅವನು ಎದ್ದು ಓಡಲು ನೋಡಿದ. ಆದರೆ ತೋಟದ ಮನೆಗಳನ್ನು ಕರೆಯುವುದು ಇನ್ನೂ ಬಾಕಿಯಿತ್ತು. ಅಲ್ಲಿ ಯಾರು ಯಾರಿದ್ದಾರೆಂಬುದು ಅವನೊಬ್ಬನಿಗೇ ಗೊತ್ತು. ಮತ್ತೆ ಕುಳಿತು ಮೈಕು ತಟ್ಟಿದ. ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.

“ಗಾಣದ ಮನಿಯಾಗ ಬೆಲ್ಲದ ಪಾಕ, ತಂಗೆವ್ವ ಇಲ್ಲಂದ್ರ ನನಗ್ಯಾಕ ಮೈಕ.”

ಆ ಸಂಕಟದಲ್ಲೂ ದಿಬ್ಬದ ಮೇಲಿನ ಮಂದಿ ನಕ್ಕರು. ಸ್ವಲ್ಪ ಹೊತ್ತಿಗೆ ತಂಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಎಮ್ಮೆ ಎಳೆದುಕೊಂಡು ಏರಿ ಬಂದಳು. ಸಂಜೆಗೆ ಅವರ ಮನೆಯ ಗೋಡೆ ಬಿತ್ತು. ಬಾಳಪ್ಪ ಮಾತ್ರ ಎರಡು ದಿನ ಅವಳ ಎದುರಿಗೆ ತಲೆ ಎತ್ತಲಿಲ್ಲ.

ಅವನು ತೀರಿಕೊಂಡದ್ದು ತೊಂಬತ್ತರ ದಶಕದಲ್ಲಿ, ಕಬ್ಬು ಕಡಿಯುವ ಕಾಲಕ್ಕೆ. ಸುದ್ದಿ ಸಾರಲೆಂದು ನಾನು ಮೈಕಿನ ಮುಂದೆ ಕುಳಿತೆ; ಮೈಕನ್ನು ಹತ್ತಿರ ಎಳೆದುಕೊಂಡು ಮತ್ತೆ ದೂರ ಸರಿಸಿದೆ. ಅಣ್ಣನನ್ನು ಕಳೆದುಕೊಂಡಷ್ಟು ದುಃಖವಾಗಿತ್ತು. ಅಷ್ಟರಲ್ಲಿ ತಂಗೆವ್ವ ಒಳಗೆ ಬಂದಳು. ನನ್ನನ್ನು ಸರಿಸಿ, ಮೈಕಿಗೆ ಎರಡು ಸಲ ತಟ್ಟಿದಳು. ಒಡಪು ಕಟ್ಟಲಿಲ್ಲ.

“ಬಾಳಪ್ಪ ಹೋಗ್ಯಾರ್ರಿ. ಎಲ್ಲಾರೂ ಬರ್ರಿ.”

ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿದಳು.